ಭಾನುವಾರ ಏಳು ಗಂಟೆ

ಶಿವರಾಂಪೇಟೆಯಲ್ಲಿ, ಸೈಕಲ್ ಅಂಗಡಿಯ ಮೇಲೆ,
ಹದಿನಾಲ್ಕು ಮೆಟ್ಟಿಲು ಹತ್ತಿದರೆ ನಾನು.
ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಹದಿನೆಂಟು ರೂಪಾಯಿ,
ತೊಂಬತ್ತಕ್ಕೆ ಇಪ್ಪತ್ತೈದು,
ಹಾಡಿನ ಪಟ್ಟಿ ನನ್ನದೇ ಅಕ್ಷರ, ಬಿಟ್ಟಿ.
ಇಂಗ್ಲಿಷು ಅಷ್ಟಕ್ಕಷ್ಟೆ,
ಸ್ಪೆಲ್ಲಿಂಗು ಮಾತ್ರ ಒಂದೂ ತಪ್ಪಿದವಳಲ್ಲ.

ಆ ಇಬ್ಬರು ಬರುತ್ತಿದ್ದದ್ದು ಒಂದೇ ಹಾಡಿಗೆ.
ಏಳು ನಿಮಿಷದ ರಾಕ್ ಹಾಡು. ಹೆಸರು ಬಿಡಿ,
ನಾನು ಬಾವಿ ಹಾಡು ಅಂತಿದ್ದೆ,
ಶುರುವಲ್ಲಿ ಗಿಟಾರು
ಕೊಡ ಇಳಿದ ಹಾಗೆ ಇಳಿಯುತ್ತಿತ್ತು, ಗಾಲಿ ಕಿರ್ರೆನ್ನುತ್ತ.

ಗೋಪಾಲರಾಜೇ ಅರಸ್ ರೇಷ್ಮೆ ಫ್ಯಾಕ್ಟರಿಯವರು,
ನೂಲಿನಲ್ಲಿ ಗಂಟು ಹುಡುಕುವುದೇ ಕೆಲಸ.
ಅವರಿಗೆ ಸ್ಟುಡಿಯೋದ್ದೇ ಹಾಡು.
"ನೋಡಿ, ಒಂದೆಳೆ ಹೊರಗಿಲ್ಲ.
ಉಸಿರು ಕೂಡ ಅಳೆದು ಬಿಟ್ಟಿದ್ದಾನೆ."

ಸಿಪ್ರಿಯನ್ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನವನು,
ಉಗುರಲ್ಲಿ ಗ್ರೀಸು, ಜೇಬಲ್ಲಿ ಲೈವ್ ಕ್ಯಾಸೆಟ್ಟು.
"ಅದು ಪಾರ್ಸಲ್ ದೋಸೆ ಸ್ವಾಮಿ,
ಎಲೆಗೆ ಅಂಟಿ ಬೆವೆತಿದೆ.
ಇದು ಹೆಂಚಿಂದ ಎದ್ದದ್ದು, ಚುಂಯ್ ಅನ್ನೋದು ಕೇಳಿ."
"ಹೆಂಚಲ್ಲೇ ಸೀದಿದೆಯಲ್ಲಪ್ಪ!
ಎರಡನೇ ಚರಣ ನುಂಗಿದ್ದಾನೆ,
ಜನ ಕೂಗಿ ಕೂಗಿ ತುಂಬಿಸಿಕೊಟ್ಟಿದ್ದಾರೆ."
"ಅದೇ ಮತ್ತೆ! ನುಂಗಿದ್ದು ಅವನು,
ಹೊಟ್ಟೆ ತುಂಬಿದ್ದು ನಮಗೆ."

ಕೆಳಗೆ ರೆಹಮತ್ ಗಾಳಿ ಪಂಪು ನಿಲ್ಲಿಸಿ
ಮೇಲಕ್ಕೆ ಕಿವಿ ಕೊಡುತ್ತಿದ್ದ.
ಯಾರೂ ಗೆಲ್ಲುತ್ತಿರಲಿಲ್ಲ. ಎರಡು ಟೀ ಮೂರು ಮಾಡಿ
ನನಗೊಂದು ಲೋಟ ಕೊಟ್ಟು ಇಳಿದು ಹೋಗುತ್ತಿದ್ದರು.

ಸಿಪ್ರಿಯನ್ನಿನ ಬ್ರಹ್ಮಾಸ್ತ್ರ ಐದನೇ ನಿಮಿಷ.
ಗಿಟಾರು ಏರಿ ಏರಿ ತುದಿ ಮುಟ್ಟುವಾಗ
ಇದ್ದಕ್ಕಿದ್ದಂತೆ ಸ್ವರ ಜೋಲುತ್ತದೆ,
ಕೆಳಗಿಳಿದು, ಅಲ್ಲೇ ತೂಗಾಡಿ,
ಮತ್ತೆ ನಿಧಾನ ಎದ್ದು ನಿಲ್ಲುತ್ತದೆ.
"ಹೇಳಿ ಅರಸ್ರೆ, ಇದನ್ನ ಯಾವ ಸ್ಟುಡಿಯೋ ಹುಟ್ಟಿಸುತ್ತೆ?"
ಅಲ್ಲಿ ಮಾತ್ರ ಅರಸರು ಸುಮ್ಮನೆ
ಕನ್ನಡಕ ಒರೆಸುತ್ತಿದ್ದರು.

ಮೊನ್ನೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸಿಕ್ಕರು,
ಮೂವರಿಗೂ ಒಂದೇ ನಮೂನೆ ಮಂಡಿನೋವು.
ಅರಸರ ಫೋನಿನಲ್ಲಿ ಅದೇ ಲೈವು, ಅದೇ ರಾತ್ರಿಯದು,
ಒಗೆದು ಇಸ್ತ್ರಿ ಮಾಡಿದ್ದು.
ಒಂದು ವೈರು ಅವರ ಕಿವಿಗೆ, ಇನ್ನೊಂದು ಅವನಿಗೆ,
ಸ್ಪೀಕರಿಗೆ ಹಾಕಿ ಅಂದೆ, ಹಾಕಿದರು.
ಐದನೇ ನಿಮಿಷ ಬಂತು.
ಗಿಟಾರು ನೆಟ್ಟಗೆ ಹತ್ತಿತು, ತುದಿ ಮುಟ್ಟಿತು, ಇಳಿಯಿತು.
ಜೋಲಲೇ ಇಲ್ಲ.

ಸಿಪ್ರಿಯನ್ ಫೋನನ್ನು ತಿರುವಿ ಹಿಂಬದಿ ನೋಡಿದ.
"ಕತ್ತರಿಸಿದ್ದಾರೆ," ಅಂದ.
"ಸರಿ ಮಾಡ್ತೀವಂತ ಹಾಳು ಮಾಡಿದ್ದಾರೆ."
ಅರಸರು, ಮೂವತ್ತು ವರ್ಷದಲ್ಲಿ ಮೊದಲ ಸಲ,
"ಹೌದು ಕಣೋ" ಅಂದರು.

ನನಗೆ ಗೊತ್ತಿತ್ತು.
ಆ ಕ್ಯಾಸೆಟ್ಟು ತುಂಬಿದ್ದು ಭಾನುವಾರ.
ಸಂಜೆ ಏಳಕ್ಕೆ ಅರಮನೆಗೆ ದೀಪ ಹತ್ತಿದರೆ
ನಮ್ಮ ಬೀದಿ ಕರೆಂಟು ಮುನಿಸಿಕೊಳ್ಳುತ್ತೆ
ಅಂತ ರೆಹಮತ್ ನಗುತ್ತಿದ್ದ.
ಅವತ್ತು ಬಲ್ಬು ಕಾಫಿ ಬಣ್ಣಕ್ಕೆ ತಿರುಗಿತು.
ಬರೆದುಕೊಳ್ಳುವ ಡೆಕ್ಕು ಹೊಸದು, ಜಗ್ಗಲಿಲ್ಲ.
ಹಾಡುವ ಡೆಕ್ಕು ಹಳೇದು,
ಏಳು ತಿಂಗಳ ಬಸುರಿ ನಾನು ಆ ಮೆಟ್ಟಿಲು ಹತ್ತುವ ಹಾಗೆ
ಒಂದು ಸುತ್ತು, ನಿಂತು, ಇನ್ನೊಂದು ಸುತ್ತು.
ಮತ್ತೆ ತುಂಬಬೇಕಿತ್ತು. ಕಾಲು ಊದಿತ್ತು.
ತುಂಬಲಿಲ್ಲ.

ಹೇಳಲೆಂದು ಬಾಯಿ ತೆರೆದೆ.
ಅಷ್ಟರಲ್ಲಿ ಸಿಪ್ರಿಯನ್ ಬಾಯಲ್ಲೇ ಗಿಟಾರು ಶುರುವಿಟ್ಟಿದ್ದ,
ಹಲ್ಲಿಲ್ಲದ ಜಾಗದಲ್ಲಿ ಗಾಳಿ ಸೋರುತ್ತ.
ಅರಸರು ತೊಡೆಯ ಮೇಲೆ ಡ್ರಮ್ಮು, ಎಳೆ ತಪ್ಪದೆ.
ವಾಕಿಂಗಿನವರು ಬಳಸಿಕೊಂಡು ಹೋದರು.
ತುದಿ ಬಂತು, ಸಿಪ್ರಿಯನ್ ಜೋಲಿಸಿದ,
ಅರಸರ ಬೆರಳು ಎತ್ತಿದ್ದಲ್ಲೇ ನಿಂತು
ಕರೆಂಟು ಬರಲಿ ಅಂತ ಕಾದವು.